ಸ್ತ್ರೀವೇಷದ ಮೊದಲ ನಡಿಗೆ

ಪರಕಾಯಪ್ರವೇಶವು ಯೋಗಿಗಳಿಗೆ ಮಾತ್ರವೇ ಸಾಧ್ಯವೆಂದು ಹಿರಿಯರು ಹೇಳುತ್ತಾರೆ. ಪರವೇಷಪ್ರವೇಶವು ಅದಕ್ಕಿಂತ ಬಹಳ ಸುಲಭವೆಂದು ಮೇಲುನೋಟಕ್ಕೆ ತೋರಬಹುದು. ಬಟ್ಟೆಯನ್ನು ಬದಲಿಸಿದರೆ ಮುಗಿಯಿತಲ್ಲವೆ ಎಂದು ಕೇಳುವವರೂ ಉಂಟು. ಈ ಮಾತನ್ನು ಒಪ್ಪದವರಲ್ಲಿ ಮೊದಲಿಗನು ಸವ್ಯಸಾಚಿಯಾದ ಅರ್ಜುನನೇ. ಅಜ್ಞಾತವಾಸದ ವರುಷವನ್ನು ವಿರಾಟನಗರದಲ್ಲಿ ಹೇಗೆ ಕಳೆಯುವೆಯೆಂದು ಧರ್ಮರಾಯನು ಕೇಳಿದಾಗ, ಅವನಿಗೆ ನೆನಪಾದುದು ತನ್ನ ಪರಾಕ್ರಮವಲ್ಲ, ಬಿಲ್ಲಿನ ಹೆದೆಯು ಬಡಿದು ಬಡಿದು ತೋಳುಗಳಲ್ಲಿ ಉಳಿದಿದ್ದ ಕಲೆ. ಅದನ್ನು ಮರೆಸುವುದು ಕಷ್ಟವೆಂದು ಒಪ್ಪಿಕೊಂಡು, ಬಳೆಗಳಿಂದ ಮುಚ್ಚುವೆನೆಂದನು. ಕಿವಿಗೆ ಕುಂಡಲಗಳನ್ನೂ ತಲೆಗೆ ಜಡೆಯನ್ನೂ ನಿಶ್ಚಯಿಸಿದನು. ಅಂತಃಪುರದಲ್ಲಿ ಆಡಬೇಕಾದ ಮಾತನ್ನು ಕೂಡ ಮುಂದಾಗಿಯೇ ಯೋಚಿಸಿಕೊಂಡನು. ತನ್ನ ಮೈಯಲ್ಲಿ ತನ್ನನ್ನು ಬಿಟ್ಟುಕೊಡುವ ಗುರುತು ಯಾವುದೆಂದು ಅರಿತು, ಹೊರಡುವ ಮೊದಲೇ ಅದಕ್ಕೆ ಉಪಾಯವನ್ನು ಮಾಡಿಕೊಳ್ಳಬೇಕೆಂಬ ಪಾಠವು ಬೃಹನ್ನಳೆಯಷ್ಟೇ ಹಳೆಯದು.

ಪುರುಷನು ಸ್ತ್ರೀಭಾವವನ್ನು ತಾಳಿ ಅಭಿನಯಿಸುವುದನ್ನು ಭರತಮುನಿಯ ನಾಟ್ಯಶಾಸ್ತ್ರವು ರೂಪಾನುರೂಪವೆಂದು ಹೆಸರಿಟ್ಟು ಅಂಗೀಕರಿಸಿದೆ. ಯಕ್ಷಗಾನದ ಮೇಳಗಳಲ್ಲಿ ದ್ರೌಪದಿಯೂ ದಮಯಂತಿಯೂ ಬಹುಕಾಲ ಗಂಡಸರೇ ಆಗಿದ್ದರು. ಮಹಾರಾಷ್ಟ್ರದ ಬಾಲಗಂಧರ್ವರು (1888–1967) ರಂಗದ ಮೇಲೆ ಉಟ್ಟ ಸೀರೆಯ ಬಗೆಯನ್ನು ಸಿರಿವಂತರ ಮನೆಯ ಹೆಂಗಸರೇ ಅನುಕರಿಸುತ್ತಿದ್ದರು. ಇಷ್ಟೆಲ್ಲ ಮನ್ನಣೆಯಿದ್ದರೂ ಅದು ರಂಗಸ್ಥಳದ ಮನ್ನಣೆ. ಪರದೆಯ ಆಚೆಗೆ, ಹಗಲಿನ ಬೆಳಕಿನಲ್ಲಿ, ಹೆಣ್ಣುಡುಗೆಯುಟ್ಟ ಗಂಡಸನ್ನು ಕಾಣುವ ಕಣ್ಣು ಬೇರೆ.

ಈ ಭೇದವನ್ನು ಚೆನ್ನಾಗಿ ಬಲ್ಲವರೊಬ್ಬರು ಕುಂದಾಪುರದ ಕಡೆಯ ಹಳ್ಳಿಯೊಂದರಲ್ಲಿ ಇದ್ದರು. ಬಡಗುತಿಟ್ಟಿನ ಮೇಳಗಳಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಸ್ತ್ರೀವೇಷವನ್ನು ಮಾಡಿ, ಗೆಜ್ಜೆ ಬಿಚ್ಚಿ, ತೋಟವನ್ನು ನೋಡಿಕೊಂಡಿದ್ದವರು. ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ, ಅವರ ಮನೆಗೆ ಮೂವತ್ತರ ಆಸುಪಾಸಿನ ತರುಣನೊಬ್ಬನು ಬಂದನು. ಮೈಸೂರಿನಲ್ಲಿ ಬ್ಯಾಂಕಿನ ಗುಮಾಸ್ತ. ಅವನ ತಾತನು ಅದೇ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದನಾದುದರಿಂದ ಮನೆಗೆ ಬಳಕೆಯಿತ್ತು. ಕಾಫಿ ಮುಗಿದ ಮೇಲೂ ಮಳೆಯ ಮಾತು, ಅಡಕೆಯ ಧಾರಣೆಯ ಮಾತುಗಳಲ್ಲಿಯೇ ಬಹಳ ಹೊತ್ತು ಕಳೆದು, ಕೊನೆಗೆ ತಲೆ ತಗ್ಗಿಸಿ, ತಾನು ಬಂದ ಕಾರಣವನ್ನು ಅರ್ಧ ಹೇಳಿ ನಿಲ್ಲಿಸಿದನು.

“ವೇಷ ಕಟ್ಟುವ ಆಸೆಯೇನು, ಮಾಣಿ?” ಎಂದರು ಹಿರಿಯರು.

“ಅಲ್ಲ ಅಜ್ಜಯ್ಯ. ವೇಷವಲ್ಲ. ಹೆಂಗಸರ ಉಡುಗೆಯುಟ್ಟು ಒಂದು ಸಲ ಹಗಲಿನಲ್ಲಿ ಹತ್ತು ಜನರ ನಡುವೆ ನಡೆದು ಬರಬೇಕು. ಅಷ್ಟೇ.”

ಬಾಲ್ಯದಿಂದಲೂ ಅವನಿಗೆ ಆ ಬಯಕೆಯಿತ್ತು. ಬಾಗಿಲನ್ನು ಮುಚ್ಚಿಕೊಂಡು ಉಡುವುದು, ಹೆಜ್ಜೆಯ ಸಪ್ಪಳ ಕೇಳಿದೊಡನೆ ಬಿಚ್ಚುವುದು, ಇಷ್ಟೇ ಬಲ್ಲನು. ದುಡಿಮೆಗೆ ತೊಡಗಿದ ಮೇಲೆ ಮೂರು ಸಲ ಉಡುಗೆಗಳನ್ನು ಕೊಂಡಿದ್ದನು; ಇನ್ನು ಇದು ಸಾಕೆಂದು ಪ್ರತಿಜ್ಞೆಮಾಡಿ ಎರಡು ಸಲ ಬಚ್ಚಲೊಲೆಗೆ ಹಾಕಿದ್ದನು. ಮೂರನೆಯ ಸಲ ಒಲೆಯ ಮುಂದೆ ಕುಳಿತಿದ್ದಾಗ ಅವನ ಅಕ್ಕನು ಕಂಡು, ಗಂಟನ್ನು ಕೈಯಿಂದ ಕಸಿದುಕೊಂಡು, ಬೈಯದೆ ಅಳದೆ ಒಳಗಿಟ್ಟಳು. ಅಜ್ಜಯ್ಯನನ್ನು ಕೇಳಿ ಬಾ ಎಂದು ಕಳುಹಿಸಿದವಳೂ ಅವಳೇ.

ಇಂಥವರನ್ನು ಕುರಿತು ಲೋಕವು ಎಲ್ಲವನ್ನೂ ಒಂದೇ ಮೂಟೆಯಲ್ಲಿ ಕಟ್ಟುವುದುಂಟು. ಹೆಣ್ಣೆಂದೇ ತಮ್ಮನ್ನು ಅರಿತು ಹಾಗೆಯೇ ಬಾಳುವವರು ಬೇರೆ. ಜೋಗತಿ ನೃತ್ಯದಿಂದ ಹೆಸರಾಗಿ 2021ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದ ಮಂಜಮ್ಮ ಜೋಗತಿಯವರ ಬಾಳು ಅಂಥದು. ಕಲೆಗಾಗಿ ವೇಷ ಧರಿಸುವವರು ಬೇರೆ. ಈ ತರುಣನಿಗೆ ತಾನು ಗಂಡಸೆಂಬ ವಿಷಯದಲ್ಲಿ ಸಂದೇಹವಿರಲಿಲ್ಲ. ಆ ಉಡುಗೆಯಲ್ಲಿ ಮನಸ್ಸಿಗೆ ಒಂದು ನೆಮ್ಮದಿ ಒದಗುತ್ತಿತ್ತು, ಅಷ್ಟೇ. ಏಕೆಂದು ಅವನೂ ಅರಿಯನು.

ಹಿರಿಯರು ನಗಲಿಲ್ಲ. ತಮ್ಮ ಇಪ್ಪತ್ತನೆಯ ವಯಸ್ಸಿನ ಒಂದು ಸಂಗತಿಯನ್ನು ಹೇಳಿದರು. ರಾತ್ರಿಯೆಲ್ಲ ದ್ರೌಪದಿಯಾಗಿದ್ದು, ಬೆಳಗಿನ ಮಂಗಳವಾದ ಮೇಲೆ ಅವಸರದಲ್ಲಿ ಮುಖ ತೊಳೆದು ಮನೆಗೆ ಹೊರಟಿದ್ದರಂತೆ. ಕಣ್ಣಿನ ಕಾಡಿಗೆ ಪೂರ್ತಿ ಹೋಗಿರಲಿಲ್ಲ. ನಡುರಾತ್ರಿಯಲ್ಲಿ ದ್ರೌಪದಿಯ ಮೊರೆಗೆ ಕಣ್ಣೀರಿಟ್ಟಿದ್ದವರೇ ಸಂಕದ ಬಳಿ ಕುಳಿತು ಶಿಳ್ಳೆ ಹಾಕಿದರು. ಒಬ್ಬನು ಹೆಗಲ ಮೇಲಿನ ಪಂಚೆಯನ್ನು ಎಳೆದನು. “ಆ ದಿನ ಓಡಿದೆ. ಓಡಿದ್ದೇ ತಪ್ಪಾಯಿತು. ಆಮೇಲೆ ಎರಡು ವರ್ಷ ಆ ದಾರಿಯಲ್ಲಿ ನಡೆಯಲಿಲ್ಲ. ರಂಗಸ್ಥಳದಿಂದ ಚೌಕಿಗೆ ಹಿಂದಿರುಗಬಹುದು ಮಾಣಿ, ಬೀದಿಗೆ ಚೌಕಿಯಿಲ್ಲ. ಆದುದರಿಂದ ಮೊದಲು ಎಲ್ಲಿಗೆ ಹಿಂದಿರುಗುವೆಯೆಂಬುದನ್ನು ಗೊತ್ತುಮಾಡಿಕೋ; ಎಲ್ಲಿಗೆ ಹೋಗುವೆಯೆಂಬುದು ಅನಂತರದ ಮಾತು.”

ಅಂದಿನಿಂದ ನಾಲ್ಕು ದಿವಸ ತರುಣನು ಅಲ್ಲಿಯೇ ಉಳಿದನು. ಅವನು ಮನಸ್ಸಿನಲ್ಲಿ ರೇಷ್ಮೆಯ ಸೀರೆಯನ್ನೇ ಉಟ್ಟುಕೊಂಡು ಬಂದಿದ್ದನು. ಸೀರೆಯುಡಿಸುವುದರಲ್ಲಿ ಮೇಳಕ್ಕೇ ಹೆಸರಾಗಿದ್ದ ಹಿರಿಯರು ಅದನ್ನು ಬೇಡವೆಂದಾಗ ಅವನಿಗೆ ಆಶ್ಚರ್ಯವಾಯಿತು. “ನೀನು ಹೋಗುವ ಕಡೆಯಲ್ಲಿ, ನೀನು ಹೋಗುವ ಹೊತ್ತಿನಲ್ಲಿ, ನಿನ್ನ ವಯಸ್ಸಿನ ಹೆಂಗಸರು ಏನು ಉಡುತ್ತಾರೆ? ಅದನ್ನು ನೋಡಿ ಅದನ್ನೇ ಉಡು. ರಂಗದಲ್ಲಿ ಕಡೆಯ ಸಾಲಿನವನಿಗೂ ಕಾಣಬೇಕು, ಬೀದಿಯಲ್ಲಿ ಪಕ್ಕದಲ್ಲಿ ನಡೆಯುವವನಿಗೂ ಕಾಣಬಾರದು,” ಎಂದರು. ಸೀರೆಯ ಐದೂವರೆ ಮೀಟರನ್ನು ನಿರಿಗೆ ಜಾರದಂತೆ ಹೊತ್ತು ನಡೆಯಲು ಹೆಂಗಸರಿಗೇ ತಿಂಗಳುಗಳ ರೂಢಿ ಬೇಕು; ಹೊಸಬನ ಗಮನವೆಲ್ಲ ನಿರಿಗೆಯಲ್ಲಿಯೇ ಇದ್ದರೆ ಮುಖದಲ್ಲಿ ಗಾಬರಿ ಕಾಣುತ್ತದೆ. ಮಾಸಲು ಬಣ್ಣದ, ಮುಕ್ಕಾಲು ತೋಳಿನ, ಮೊಣಕಾಲ ಕೆಳಗಿಳಿಯುವ ಹತ್ತಿಯ ಚೂಡಿದಾರವು ಅಗಲವಾದ ಹೆಗಲನ್ನು ಮೆತ್ತಗೆ ಮಾಡುತ್ತದೆ. ದುಪ್ಪಟಾವನ್ನು ಕೊರಳ ಸುತ್ತ ಹಾಯಿಸಿ ಹೆಗಲಿಗೆ ಒಂದು ಪಿನ್ನು ಚುಚ್ಚಿದರೆ ಗಂಟಲಿನ ಗಂಟು ಮರೆಯಾಗುತ್ತದೆ.

ಮುಖದ ವಿಷಯದಲ್ಲಿಯೂ ಹಾಗೆಯೇ. ಅರದಾಳ ಇಂಗಲಿಕಗಳಿಂದ ಬಣ್ಣ ಬರೆಯುತ್ತಿದ್ದ ಕಾಲದ ಕೈ ಅವರದು. ಆದರೂ ಬೀದಿಗೆ ಬಣ್ಣವು ಇಲ್ಲವೆಂಬಷ್ಟು ಇರಲಿ ಎಂದರು. ಬಿಸಿನೀರಿನ ಸ್ನಾನವಾದ ಮೇಲೆ, ಹೊಸ ಅಲಗಿನಿಂದ, ನಿಧಾನವಾಗಿ ಕ್ಷೌರ. ಉರಿ ತಣಿಯಲು ಒಂದು ಗಂಟೆಯ ಬಿಡುವು. ಗಡ್ಡದ ಕಡೆ ಉಳಿಯುವ ನೀಲಿ ಛಾಯೆಯು ಪೌಡರಿಗೆ ಮಣಿಯದು. ಅದರ ಮೇಲೆ ಮೊದಲು ಕಿತ್ತಳೆ ಬಣ್ಣದ ಲೇಪವನ್ನು ತೆಳುವಾಗಿ ತಟ್ಟಿ, ಆಮೇಲೆ ಮೈಬಣ್ಣದ ಲೇಪ, ಕೊನೆಗೆ ಪೌಡರು. ಇದನ್ನೆಲ್ಲ ದೀಪದ ಕೆಳಗೆ ನೋಡಿ ತೃಪ್ತಿಪಡಬಾರದು. ಕಿಟಕಿಯ ಬಳಿ, ಹಗಲ ಬೆಳಕಿನಲ್ಲಿ, ಕನ್ನಡಿ ಹಿಡಿದು ನೋಡಬೇಕು. ತೆಗೆಯುವಾಗ ಕೊಬ್ಬರಿ ಎಣ್ಣೆ. ಕಣ್ಣಿನ ಮೂಲೆಯನ್ನು ಮರೆಯಬಾರದು. ಇದನ್ನು ಅವರು ಎರಡು ಸಲ ಹೇಳಿದರು.

ಮೂರನೆಯ ದಿವಸ ತರುಣನು ತನ್ನ ಎಡಗೈಯನ್ನು ಚಾಚಿದಾಗ, ಹಿರಿಯರು ಮಣಿಕಟ್ಟನ್ನು ಹಿಡಿದು ನಕ್ಕರು. ವರ್ಷಗಳ ಕಾಲ ಕಟ್ಟಿದ ಗಂಡಸರ ಕೈಗಡಿಯಾರದ ಬಿಳಿಯ ಪಟ್ಟಿಯು ಅಲ್ಲಿ ಅಚ್ಚೊತ್ತಿದಂತೆ ಇತ್ತು. “ನೋಡು, ಇದೇ ನಿನ್ನ ಹೆದೆಯ ಕಲೆ,” ಎಂದು, ಒಳಗಿನಿಂದ ಎರಡು ಹತ್ತರ ಅಳತೆಯ ಬಳೆಗಳನ್ನು ತರಿಸಿ, ಸಾಬೂನಿನ ನೀರು ಹಚ್ಚಿ ತೊಡಿಸಿದರು.

ಚಪ್ಪಲಿಯು ಸಮತಟ್ಟಾಗಿರಬೇಕು, ಕಾಲಿಗಿಂತ ಚಿಕ್ಕದಿರಬಾರದು, ಹತ್ತು ದಿವಸವಾದರೂ ಮನೆಯಲ್ಲಿ ಮೆಟ್ಟಿ ಪಳಗಿಸಬೇಕು. ಹೆಜ್ಜೆ ಚಿಕ್ಕದು, ಮೊಣಕೈ ಮೈಗೆ ಹತ್ತಿರ, ದೃಷ್ಟಿ ಮುಂದಕ್ಕೆ. ಸೊಂಟವನ್ನು ಬಳುಕಿಸುವುದು ರಂಗದ ಮಾತು. ಸಾಮಾನು ಕೊಳ್ಳಲು ಹೊರಟ ಹೆಂಗಸು ಬಳುಕುತ್ತಾಳೆಯೆ? ಹೆಗಲಿಗೊಂದು ಚೀಲವಿದ್ದರೆ ಕೈಗೆ ಕೆಲಸವಿರುತ್ತದೆ. ದನಿಯ ವಿಷಯದಲ್ಲಿ ಅವರ ಸೂತ್ರವು ಒಂದೇ: “ಸಣ್ಣ ದನಿ ಮಾಡಬೇಡ, ಮೆಲುದನಿ ಮಾಡು.” ಎಳೆದು ತಂದ ಸಣ್ಣ ದನಿಯು ದೂರದವರನ್ನೂ ತಿರುಗಿ ನೋಡಿಸುತ್ತದೆ; ಮೆಲ್ಲಗೆ ಆಡಿದ ಎರಡು ಮಾತು ಎದುರಿಗಿದ್ದವರಲ್ಲಿಯೇ ಮುಗಿಯುತ್ತದೆ.

ಸ್ಥಳವು ಗುರುತಿನವರಿಲ್ಲದ ಕಡೆ ಇರಬೇಕು, ಆದರೆ ನಿರ್ಜನವಾಗಿರಬಾರದು. ಕತ್ತಲೆಯು ಮರೆಯೆಂದು ಹೊಸಬರು ನಂಬುವರು, ಅದು ತಪ್ಪು. ಹೆಂಗಸರು ನಿರ್ಭಯವಾಗಿ ಓಡಾಡುವ ಹೊತ್ತೇ ಹೆಣ್ಣುಡುಗೆಗೂ ಒಳ್ಳೆಯ ಹೊತ್ತು. ನಂಬುಗೆಯವರೊಬ್ಬರು ಜೊತೆಯಲ್ಲಿರಬೇಕು. ಮೊದಲ ಸಲ ಒಂದು ಗಂಟೆಯನ್ನು ಮೀರಬಾರದು. ಹೊರಡುವ ಮುನ್ನ ಜಲಬಾಧೆಯನ್ನು ತೀರಿಸಿಕೊಂಡೇ ಹೊರಡಬೇಕು, ಏಕೆಂದರೆ ಈ ಉಡುಗೆಯಲ್ಲಿ ಎರಡು ಬಾಗಿಲುಗಳಲ್ಲಿ ಯಾವುದಕ್ಕೆ ಹೋದರೂ ತೊಡಕೇ. ಚಿಲ್ಲರೆ ಹಣ, ತುಂಬಿದ ಬ್ಯಾಟರಿಯ ಮೊಬೈಲು, ಗುರುತಿನ ಚೀಟಿ ಚೀಲದಲ್ಲಿರಲಿ. ಯಾರಾದರೂ ಕೂಗಿದರೆ ಓಡಬೇಡ, ಜಗಳವಾಡಬೇಡ. ಹತ್ತಿರದ ಅಂಗಡಿಯೊಳಗೆ ಹೋಗಿ ಏನನ್ನಾದರೂ ಕೊಂಡುಕೋ. ಪೊಲೀಸರು ಕೇಳಿದರೆ ಸುಳ್ಳು ಹೇಳಬೇಡ. ಹೆಸರನ್ನು ಹೇಳು, ಚೀಟಿಯನ್ನು ತೋರಿಸು.

ಈ ಕಡೆಯ ಮಾತಿಗೆ ತರುಣನ ಮುಖವು ಬಾಡಿತು. ಕೆಲಸವೇ ಹೋದೀತೆಂಬ ಭಯವು ಅವನನ್ನು ಬಹಳ ದಿನಗಳಿಂದ ಕಾಡುತ್ತಿತ್ತು. ಹೆಣ್ಣುಡುಗೆಯನ್ನು ಉಡುವುದು ಈ ದೇಶದಲ್ಲಿ ಅಪರಾಧವಲ್ಲ. ಮನುಷ್ಯನು ತಾನು ಅರಿತ ತನ್ನ ಲಿಂಗಭಾವವನ್ನು ಉಡುಗೆಯಿಂದ, ಮಾತಿನಿಂದ, ನಡೆಯಿಂದ ತೋರ್ಪಡಿಸುವುದು ಸಂವಿಧಾನದ 19ನೆಯ ವಿಧಿಯು ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2014ನೆಯ ಇಸವಿ ಏಪ್ರಿಲ್ 15ರಂದು ತೀರ್ಪಿತ್ತಿದೆ. ಇದನ್ನು ಅಕ್ಕನು ಓದಿ ತಿಳಿದಿದ್ದಳು. ಆದರೆ ನ್ಯಾಯಾಲಯದ ತೀರ್ಪು ಸಂಕದ ಮೇಲೆ ಕುಳಿತವರಿಗೆ ತಲುಪುವುದು ನಿಧಾನ. ಅಲ್ಲಿಯವರೆಗೆ ಎಚ್ಚರವೇ ಮನುಷ್ಯನ ಚೌಕಿ.

ಧನುರ್ಮಾಸದ ಒಂದು ಬೆಳಗ್ಗೆ, ಚಳಿಯಿದ್ದು ಬೆವರಿನ ಭಯವಿಲ್ಲದ ಹೊತ್ತಿನಲ್ಲಿ, ಅಕ್ಕನೂ ತಮ್ಮನೂ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದರು. ವಾಯುಸಂಚಾರಕ್ಕೆ ಬಂದವರಿಗೆ ತಮ್ಮ ಉಸಿರಿನ ಮೇಲೆಯೇ ಗಮನ. ಅರ್ಧ ದಾರಿಯಲ್ಲಿ ಇಬ್ಬರು ಹುಡುಗರು ಹಿಂದಿನಿಂದ ಏನೋ ಅಂದು ನಕ್ಕರು. ತಮ್ಮನ ಕಾಲು ತಾನಾಗಿಯೇ ಬಿರುಸಾಯಿತು. ಅಕ್ಕನು ಮೊಣಕೈಯನ್ನು ಒತ್ತಿ ಹಿಡಿದಳು. ನಗುವು ತಮ್ಮನ್ನು ಕುರಿತದ್ದೋ ಅಲ್ಲವೋ ಇಂದಿಗೂ ತಿಳಿಯದು. ಹುಡುಗರು ದಾಟಿ ಹೋದರು.

ಹೊರಗೆ ಬಂದು ಹೂವಿನವಳ ಮುಂದೆ ನಿಂತರು. ಅಕ್ಕನು ಬೇಕೆಂದೇ ಸುಮ್ಮನಿದ್ದಳು. “ಎಷ್ಟು ಮೊಳ?” ಎಂದು ತಲೆಯೆತ್ತದೆ ಕೇಳಿದಳು ಮುದುಕಿ. “ಒಂದು,” ಎಂದನು ತಮ್ಮನು, ಮೆಲುದನಿಯಲ್ಲಿ. ಆಗ ಅವಳು ತಲೆಯೆತ್ತಿ ಮುಖವನ್ನು ನೋಡಿದಳು. ಕೈಯ ಬಳೆಗಳನ್ನೂ ನೋಡಿದಳು. ಅವಳಿಗೆ ತಿಳಿಯಲಿಲ್ಲವೆಂದು ಹೇಳಲಾಗದು. ಮಲ್ಲಿಗೆಯನ್ನು ಮೊಳ ಹಾಕಿ, ಕತ್ತರಿಸಿ, ಬಾಳೆಯೆಲೆಯಲ್ಲಿ ಸುತ್ತಿ ಕೊಟ್ಟು, ಚಿಲ್ಲರೆಯನ್ನು ಎಣಿಸಿ ಅಂಗೈಯಲ್ಲಿಟ್ಟು, ಹಿಂದಿದ್ದವರನ್ನು ಕೇಳಿದಳು, “ನಿಮಗೆ ಎಷ್ಟು ಮೊಳ?”

ತಾನು ಹೆಂಗಸಿನಂತೆ ಕಂಡೆನೋ ಇಲ್ಲವೋ ಎಂಬ ಚಿಂತೆಯನ್ನೇ ತಿಂಗಳುಗಟ್ಟಲೆ ಹೊತ್ತಿದ್ದ ತರುಣನಿಗೆ, ಮನೆಗೆ ಮರಳುವಾಗ ಅದು ಅಷ್ಟು ದೊಡ್ಡದಾಗಿ ತೋರಲಿಲ್ಲ. ಮುದುಕಿಯು ನೋಡಿದಳು, ಆದರೂ ವ್ಯಾಪಾರವು ಸರಿಯಾಗಿಯೇ ನಡೆಯಿತು. ಬಟ್ಟೆಯ ಗಂಟು ಆಮೇಲೆ ಒಲೆಗೆ ಹೋಗಲಿಲ್ಲ. ಅಕ್ಕನ ಬೀರುವಿನ ಕೆಳಗಣ ಅರೆಯಲ್ಲಿ ಅದಕ್ಕೆ ಜಾಗವಾಯಿತು.

ಆ ಸಂಜೆ ಅವನು ಕುಂದಾಪುರದ ಕಡೆಗೆ ಫೋನು ಮಾಡಿ, ಕೆರೆ, ಹುಡುಗರು, ಹೂವು ಎಲ್ಲವನ್ನೂ ವಿಸ್ತಾರವಾಗಿ ಹೇಳಿದನು. ಹಿರಿಯರು ಕಡೆಯವರೆಗೂ ಹೂಂಗುಟ್ಟುತ್ತ ಕೇಳಿ, ಒಂದೇ ಪ್ರಶ್ನೆ ಕೇಳಿದರು:

“ಚಪ್ಪಲಿ ಕಚ್ಚಿತೇನು, ಮಾಣಿ?”

“ಇಲ್ಲ, ಅಜ್ಜಯ್ಯ.”

“ಹಾಗಾದರೆ ಮುಂದಿನ ಸಲ ಇನ್ನೂ ಸ್ವಲ್ಪ ದೂರ ನಡೆ,” ಎಂದರು.