ಹಡಗು ನಿಲ್ಲುವ ಒಂದು ದಿನ: ಟ್ಯುಲಿಪ್ ಹೂಗಳ ದರ್ಶನಕ್ಕೆ ಸಿದ್ಧತೆ

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ನಮ್ಮ ಆರ್.ಟಿ. ನಗರದ ರಸ್ತೆಗಳ ಅಂಚಿನಲ್ಲಿ ಹಳದಿ ತಬೂಬಿಯಾ ಮರಗಳು ಎಲೆಯುದುರಿಸಿ ಮೈತುಂಬ ಹೂ ತಳೆಯುತ್ತವೆ. ಯುಗಾದಿಯ ಸುಮಾರಿಗೆ ಹೊಂಗೆ ಚಿಗುರುತ್ತದೆ. ಮೇ ತಿಂಗಳಿಗೆ ಗುಲ್‌ಮೊಹರ್ ಕೆಂಪಾಗುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಒಂದು ಹೂವಿನ ಸರದಿ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರಗಳನ್ನು ನೆಡಿಸಿದ ಕೀರ್ತಿ, 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರಿಗೆ ಸಲ್ಲತಕ್ಕದ್ದು. ಇಂಥ ಊರಿನಲ್ಲಿ ಬಾಳಿದವನಿಗೆ ಹೂವೆಂಬುದು ತಾನಾಗಿಯೇ ಬಾಗಿಲಿಗೆ ಬರುವ ವಸ್ತು. ಹೂವನ್ನು ಹುಡುಕಿಕೊಂಡು, ಅದೂ ಸಮುದ್ರದ ಮೇಲೆ, ಪಂಚಾಂಗ ಕೈಯಲ್ಲಿ ಹಿಡಿದು ಹೊರಡಬೇಕಾದೀತೆಂದು ಮಠದಲ್ಲಿ ವ್ಯಾಕರಣ ಓದಿಕೊಂಡು ಬೆಳೆದ ನಾನು ಎಣಿಸಿದವನಲ್ಲ.

ಆದರೆ ಆಸೆ ನನ್ನದಲ್ಲ, ನನ್ನ ಶ್ರೀಮತಿಯದು. 1981ರಲ್ಲಿ 'ಸಿಲ್‌ಸಿಲಾ' ಎಂಬ ಹಿಂದೀ ಚಲನಚಿತ್ರ ಬಂದಿತು. ಅದರ ಒಂದು ಹಾಡನ್ನು ಹಾಲೆಂಡಿನ ಟ್ಯುಲಿಪ್ ತೋಟದಲ್ಲಿ ಚಿತ್ರಿಸಿದ್ದರು. ಕೆಂಪು, ಹಳದಿ ಪಟ್ಟೆಗಳಾಗಿ ಹರಡಿದ ಆ ಹೂಗಳನ್ನು ಆಕೆ ತೌರೂರಿನ ಟೆಂಟಿನಲ್ಲಿ ಕುಳಿತು ನೋಡಿದಳಂತೆ. ಮದುವೆಯಾಗಿ ಬಂದ ಮೇಲೆ ನಮ್ಮ ಅಡುಗೆಮನೆಯ ಗೋಡೆಗೆ ಗಾಳಿಯಂತ್ರವೂ ಟ್ಯುಲಿಪ್ ಹೂಗಳೂ ಇದ್ದ ಒಂದು ಕ್ಯಾಲೆಂಡರು ಬಂದಿತು. ಅದರ ವರ್ಷ ಮುಗಿದು ಎಷ್ಟೋ ಕಾಲವಾದರೂ ಚಿತ್ರ ಮಾತ್ರ ಅಲ್ಲಿಯೇ ಉಳಿಯಿತು. ಸಿನಿಮಾದ ವಿಷಯ ಈ ಪತ್ರಿಕೆಯ ಪುಟದಲ್ಲಿ ಬರೆಯುತ್ತಿರುವುದಕ್ಕೆ ಹಿರಿಯರು ಕ್ಷಮಿಸಬೇಕು. ಇದ್ದದ್ದನ್ನು ಇದ್ದಂತೆ ಹೇಳಬೇಕಲ್ಲ.

ಈ ಆಸೆಯನ್ನು ಒಮ್ಮೆ ಈಡೇರಿಸಲು ಹೊರಟು ನಾನು ಸೋತವನು. ಶ್ರೀನಗರದಲ್ಲಿ, ದಾಲ್ ಸರೋವರದ ಮೇಲಣ ಜಬರ್ವಾನ್ ಬೆಟ್ಟದ ಇಳಿಜಾರಿನಲ್ಲಿ, ಇಂದಿರಾ ಗಾಂಧಿ ಸ್ಮಾರಕ ಟ್ಯುಲಿಪ್ ಉದ್ಯಾನವಿದೆ. ಮೆಟ್ಟಿಲು ಮೆಟ್ಟಿಲಾಗಿ ಸುಮಾರು 30 ಹೆಕ್ಟೇರು ಹರಡಿರುವ ಆ ತೋಟ 2007ರಲ್ಲಿ ರೂಪುಗೊಂಡಿತು. 2019ರಲ್ಲಿ ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದೆವು. ಆದರೆ ನಮ್ಮ ಬಡಾವಣೆಯ ಶರಣ ಬಳಗದಲ್ಲಿ ಬಸವ ಜಯಂತಿಗೆ ಮುನ್ನ ಒಂದು ತಿಂಗಳು ಪ್ರವಚನ ನಡೆಸುವ ರೂಢಿಯಿದೆ; ಅದು ಹಲವು ವರ್ಷಗಳಿಂದ ನನ್ನ ಪಾಲಿನ ಸೇವೆ. ಆ ವರ್ಷ ಜಯಂತಿ ಮೇ 7ಕ್ಕೆ ಬಂದಿತ್ತು. 'ಜಯಂತಿ ಮುಗಿಸಿಕೊಂಡೇ ಹೊರಡೋಣ, ಹೂ ಎಲ್ಲಿ ಹೋಗುತ್ತದೆ?' ಎಂದೆ. ಮೇ ಎರಡನೆಯ ವಾರದಲ್ಲಿ ತೋಟದ ಬಾಗಿಲಿಗೆ ಹೋಗಿ ನಿಂತರೆ ಕಾವಲುಗಾರ ಕೈಯಾಡಿಸಿದ. ಅಲ್ಲಿಯ ಹೂ ಮಾರ್ಚಿ ಕೊನೆಯಲ್ಲಿ ಅರಳಿ ಏಪ್ರಿಲ್ ಮುಗಿಯುವುದರೊಳಗೆ ಉದುರಿಹೋಗುತ್ತದೆ. ಬೇಲಿಯಾಚೆ ಹಳದಿಗಟ್ಟಿದ ಎಲೆಗಳು ಮಾತ್ರ ಕಂಡವು. ಆಕೆ ಒಂದು ಮಾತೂ ಆಡಲಿಲ್ಲ. ಬೆಂಗಳೂರಿಗೆ ಬಂದಿಳಿದು ಹೆಬ್ಬಾಳದ ಮೇಲುಸೇತುವೆ ದಾಟುವಾಗ, 'ಹೂ ಎಲ್ಲಿ ಹೋಗುತ್ತದೆಂದು ಕೇಳಿದಿರಲ್ಲ' ಎಂದಳು, ಅಷ್ಟೆ.

ಈಗ ಎರಡನೆಯ ಅವಕಾಶ ಒದಗಿದೆ. ಮಗಳು, ಅಳಿಯ ದಕ್ಷಿಣ ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಸೌತಾಂಪ್ಟನ್ ಬಂದರಿನಿಂದ ವಸಂತದಲ್ಲಿ ನಾಲ್ಕೈದು ದಿನಗಳ ಹಡಗಿನ ಯಾತ್ರೆಗಳಿರುತ್ತವೆ. ಅವುಗಳಲ್ಲಿ ಕೆಲವು ಆಮ್‌ಸ್ಟರ್‌ಡಾಮಿನಲ್ಲಿ ನಿಲ್ಲುತ್ತವೆ. ನನ್ನ ಶ್ರೀಮತಿಯ ಮಂಡಿಗಳು ಸವೆದಿವೆ. ಊರೂರಿಗೆ ಪೆಟ್ಟಿಗೆ ಹೊತ್ತು ಹೋಟೆಲು ಬದಲಿಸುವ ಪ್ರವಾಸ ಇನ್ನು ಆಗದು. ಕೋಣೆಯೇ ನಮ್ಮನ್ನು ಹೊತ್ತು ಸಾಗುವ ಹಡಗು ಆಗಬಹುದೆಂದು ಮಗಳ ಲೆಕ್ಕ. ನಮ್ಮ ಬಂಧುಗಳಲ್ಲಿ ಹಲವರ ಮಕ್ಕಳು ಇಂದು ಹೊರನಾಡುಗಳಲ್ಲಿದ್ದಾರೆ. ತಂದೆತಾಯಿಗಳನ್ನು ಕರೆಸಿಕೊಂಡಾಗ ಇಂಥ ಯಾತ್ರೆಯ ಮಾತು ಬಂದೇ ಬರುತ್ತದೆ. ಕಳೆದ ಕೆಲವು ತಿಂಗಳು ನಾನು ವಿಚಾರಿಸಿ ತಿಳಿದುಕೊಂಡದ್ದು ಅಂಥವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ಹೂವಿನ ವಿಚಾರ. ಟ್ಯುಲಿಪ್ ಹಾಲೆಂಡಿನ ಹೂವೆಂದೇ ನಾನು ತಿಳಿದಿದ್ದೆ. ಅದರ ತೌರು ಮಧ್ಯ ಏಷ್ಯದ ಬೆಟ್ಟಗಳು. ಅಲ್ಲಿಂದ ತುರ್ಕಿಯ ಸುಲ್ತಾನರ ತೋಟಗಳಿಗೆ ಬಂದು, ಪೇಟದ ಆಕಾರದಿಂದ ತನ್ನ ಹೆಸರು ಪಡೆದು, ಯೂರೋಪನ್ನು ಸೇರಿತು. 1593ರಲ್ಲಿ ಕ್ಲೂಸಿಯಸ್ ಎಂಬ ಸಸ್ಯಪಂಡಿತ ಲೈಡನ್ ವಿಶ್ವವಿದ್ಯಾಲಯದ ತೋಟದಲ್ಲಿ ಇದರ ಗೆಡ್ಡೆಗಳನ್ನು ನೆಟ್ಟ. ಮುಂದೆ ನಲವತ್ತು ವರ್ಷ ಕಳೆಯುವಷ್ಟರಲ್ಲಿ ಗೆಡ್ಡೆಯ ವ್ಯಾಪಾರ ಜೂಜಾಗಿ, 1637ರ ಫೆಬ್ರುವರಿಯಲ್ಲಿ ಬೆಲೆ ಒಮ್ಮೆಲೆ ಕುಸಿದು ಹಲವರು ಕೈಸುಟ್ಟುಕೊಂಡರು. ಅಂದು ಅತಿ ಹೆಚ್ಚು ಬೆಲೆ ಬಾಳಿದ್ದು ದಳಗಳಲ್ಲಿ ಬೆಂಕಿಯ ನಾಲಗೆಯಂಥ ಗೆರೆಗಳಿದ್ದ ಹೂ. ಆ ಗೆರೆ ಒಂದು ವೈರಸ್ ರೋಗದ ಗುರುತೆಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಈ ಗೆಡ್ಡೆಗೆ ಚಳಿ ಬೇಕು. ಸುಮಾರು ಮೂರು ತಿಂಗಳಿಗೂ ಮೇಲ್ಪಟ್ಟು ಶೀತದಲ್ಲಿ ಮಲಗಿದ್ದರಲ್ಲದೆ ಅದರೊಳಗಿನ ಮೊಗ್ಗು ಮೇಲೇಳುವುದಿಲ್ಲ. ನಮ್ಮ ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಆದ್ದರಿಂದ ಹಾಲೆಂಡಿನಿಂದ ಗೆಡ್ಡೆ ತಂದು ಅಂಗಳದಲ್ಲಿ ನೆಡುವ ಆಸೆ ಯಾರೂ ಇಟ್ಟುಕೊಳ್ಳಬಾರದು. ತರುವುದಕ್ಕೆ ಸರಕಾರದ ಅನುಮತಿ, ಸಸ್ಯಾರೋಗ್ಯ ಪತ್ರ ಬೇರೆ ಬೇಕು. ಆದರೂ ಹಾಲೆಂಡಿನ ಹೂವಿನ ಲೋಕ ನಮಗೆ ತೀರ ದೂರವಾದದ್ದೇನಲ್ಲ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಹೆಬ್ಬಾಳದಲ್ಲಿ, ಗುಲಾಬಿ ಮೊದಲಾದ ಹೂಗಳ ಅಂತರರಾಷ್ಟ್ರೀಯ ಹರಾಜು ಕೇಂದ್ರ ನಡೆದುಬಂದಿದೆಯಷ್ಟೆ. ಅಲ್ಲಿಯದು ಡಚ್ಚರ ಕ್ರಮ: ಬೆಲೆ ಏರುತ್ತ ಹೋಗುವುದಿಲ್ಲ, ಮೇಲಿನಿಂದ ಇಳಿಯುತ್ತ ಬರುತ್ತದೆ, ಮೊದಲು ಗುಂಡಿಯೊತ್ತಿದವನಿಗೆ ಸರಕು. ಬಾಡುವ ವಸ್ತುವನ್ನು ಮಾರುವಲ್ಲಿ ಚರ್ಚೆಗೆ ಅವಕಾಶವಿಲ್ಲದಿರುವುದೇ ಒಳ್ಳೆಯದೆಂಬ ಬುದ್ಧಿ ಅದರಲ್ಲಿದೆ.

ನಾವು ನೋಡಬೇಕೆಂದಿರುವುದು ಲಿಸ್ಸೆ ಎಂಬ ಊರಿನ ಕ್ಯೂಕೆನ್‌ಹಾಫ್ ತೋಟವನ್ನು. 'ಸಿಲ್‌ಸಿಲಾ'ದಲ್ಲಿ ಆಕೆ ಕಂಡದ್ದೂ ಅದನ್ನೇ. ಹೆಸರಿನ ಅರ್ಥ ಅಡುಗೆಮನೆಯ ತೋಟ. ಹದಿನೈದನೆಯ ಶತಮಾನದಲ್ಲಿ ಒಬ್ಬ ದೊರೆಸಾನಿಯ ಅಡುಗೆಗೆ ಸೊಪ್ಪು, ಗಿಡಮೂಲಿಕೆಗಳು ಅಲ್ಲಿಂದ ಹೋಗುತ್ತಿದ್ದುವಂತೆ. ಹೂವಿನ ತೋಟವಾಗಿ ಜನರಿಗೆ ತೆರೆದದ್ದು 1950ರಲ್ಲಿ. ಈಗ 32 ಹೆಕ್ಟೇರು ನೆಲ. ಪ್ರತಿ ಶರತ್ಕಾಲದಲ್ಲಿ ತೋಟಗಾರರು ಕೈಯಿಂದಲೇ ಸುಮಾರು 70 ಲಕ್ಷ ಗೆಡ್ಡೆಗಳನ್ನು ನೆಡುತ್ತಾರೆ. ಒಂದೇ ಗುಣಿಯಲ್ಲಿ ಪದರ ಪದರವಾಗಿ ಇಡುವುದುಂಟು: ಎಲ್ಲಕ್ಕಿಂತ ಕೆಳಗೆ ತಡವಾಗಿ ಅರಳುವ ಟ್ಯುಲಿಪ್, ಅದರ ಮೇಲೆ ಬೇಗ ಅರಳುವ ಜಾತಿ, ಮೇಲ್ಪದರದಲ್ಲಿ ಕ್ರೋಕಸ್. ಒಂದು ಬಾಡುವಷ್ಟರಲ್ಲಿ ಅದೇ ನೆಲದಿಂದ ಇನ್ನೊಂದು ಏಳುತ್ತದೆ. ಕ್ರುಂಬಿಗಲ್ಲರು ಊರಿನ ಬೀದಿಗಳಲ್ಲಿ ಮಾಡಿದ್ದನ್ನು ಇವರು ಒಂದು ಮೊಳದ ಗುಣಿಯಲ್ಲಿ ಮಾಡುತ್ತಾರೆ.

ಇಷ್ಟು ಶ್ರಮದ ತೋಟ ವರ್ಷಕ್ಕೆ ತೆರೆದಿರುವುದು ಸುಮಾರು ಎಂಟೇ ವಾರ, ಮಾರ್ಚಿ ಮೂರನೆಯ ವಾರದಿಂದ ಮೇ ಎರಡನೆಯ ವಾರದವರೆಗೆ. ಮಾರ್ಚಿಯಲ್ಲಿ ಹೋದರೆ ಡ್ಯಾಫೊಡಿಲ್ ಕಂಡೀತು, ಬಯಲಿನ ಟ್ಯುಲಿಪ್ ಕಾಣದು. ಏಪ್ರಿಲ್ ನಡುಭಾಗದಿಂದ ಒಂದೆರಡು ವಾರ ಎಲ್ಲಕ್ಕಿಂತ ಭರವಸೆಯ ಕಾಲ. ಅದೂ ಆ ವರ್ಷದ ಚಳಿ ಬಿಸಿಲುಗಳನ್ನು ಅವಲಂಬಿಸಿ ಹಿಂದುಮುಂದಾಗುತ್ತದೆ. ಬಸವ ಜಯಂತಿಯನ್ನು ಪಂಚಾಂಗ ಮುಂಚೆಯೇ ಹೇಳುತ್ತದೆ. ಟ್ಯುಲಿಪ್ಪಿನ ದಿನವನ್ನು ಹೇಳುವ ಪಂಚಾಂಗ ಯಾವುದೂ ಇಲ್ಲ.

ತೋಟದ ಹೊರಗೆ, ಹಾರ್ಲೆಮಿನಿಂದ ಲೈಡನ್ನಿನವರೆಗೆ, ರೈತರ ಹೊಲಗಳಿವೆ. ಆ ಹೊಲಗಳ ಒಂದು ಸಂಗತಿ ನನ್ನನ್ನು ಬಹಳ ಹೊತ್ತು ಕಾಡಿತು. ಅಲ್ಲಿ ಬೆಳೆ ಹೂವಲ್ಲ, ಗೆಡ್ಡೆ. ಹೂ ಅರಳಿ, ಜಾತಿ ಸರಿಯಿದೆಯೇ, ರೋಗವಿದೆಯೇ ಎಂದು ಪರೀಕ್ಷಿಸಿದ ಕೂಡಲೆ ಯಂತ್ರದಿಂದ ಹೂವಿನ ತಲೆಯನ್ನಷ್ಟೇ ಕತ್ತರಿಸಿಬಿಡುತ್ತಾರೆ; ಗಿಡದ ಶಕ್ತಿ ಬೀಜಕ್ಕೆ ಹೋಗದೆ ಗೆಡ್ಡೆಗೆ ಇಳಿಯಲೆಂದು. ಎಕರೆಗಟ್ಟಲೆ ಹೂ ಒಂದು ಬೆಳಗಿನಲ್ಲಿ ನೆಲದ ಮೇಲೆ. ಪೂಜೆಗೆಂದು ನಾಲ್ಕು ಹೂ ಕೊಯ್ಯುವಾಗಲೂ ಗಿಡಕ್ಕೆ ನೋವಾದೀತೆಂದು ಬೆರಳು ಮೃದುಮಾಡುವ ಮನೆಯಲ್ಲಿ ಬೆಳೆದ ನನ್ನ ಶ್ರೀಮತಿಗೆ ಇದನ್ನು ಹೇಳಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: 'ಕತ್ತರಿಸುವುದು ಯಾವ ವಾರ?' ರೈಲಿನ ಕಿಟಕಿಯಿಂದ ಹೊಲ ನೋಡಿಯೇ ತೃಪ್ತಿಪಡೋಣವೆನ್ನುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಮೇ ಮೊದಲ ವಾರಕ್ಕೆ ಎಷ್ಟೋ ಹೊಲಗಳು ಬರಿ ಹಸಿರಾಗಿರುತ್ತವೆ.

ಇನ್ನು ಹಡಗು. ಟಿಕೇಟಿನಲ್ಲಿ ಆಮ್‌ಸ್ಟರ್‌ಡಾಮ್ ಎಂದಿದ್ದ ಮಾತ್ರಕ್ಕೆ ಹಡಗು ಆ ಊರಿನ ನಡುವೆಯೇ ನಿಲ್ಲುತ್ತದೆಂದು ನಂಬಬಾರದು. ಊರು ಸಮುದ್ರದ ದಂಡೆಯಲ್ಲಿಲ್ಲ. ಐಮಾಯ್ಡನ್ ಎಂಬಲ್ಲಿ ಕಡಲಿನಿಂದ ಕಾಲುವೆಗೆ ಹತ್ತಿ, ಒಳನಾಡಿನಲ್ಲಿ ಸುಮಾರು 25 ಕಿಲೋಮೀಟರು ಸಾಗಬೇಕು. ಆ ಬಾಗಿಲಿನಲ್ಲಿ 2022ರಲ್ಲಿ ಬಳಕೆಗೆ ಬಂದ ಲಾಕ್ ಗೇಟು 500 ಮೀಟರು ಉದ್ದ, 70 ಮೀಟರು ಅಗಲ. ಜಗತ್ತಿನಲ್ಲೇ ಅಷ್ಟು ದೊಡ್ಡದು ಬೇರಿಲ್ಲ. ಬೆಳಗಿನ ಜಾವ ಎಚ್ಚರವಿರುವವರು ಅದನ್ನು ನೋಡಲೇಬೇಕು. ಆದರೆ ಆಮ್‌ಸ್ಟರ್‌ಡಾಮಿನ ನಗರಸಭೆ ಪ್ರವಾಸಿಗಳ ದಟ್ಟಣೆಯಿಂದ ಬೇಸತ್ತು, ಅಲ್ಲಿಗೆ ಬರುವ ವಿಹಾರ ಹಡಗುಗಳನ್ನು 2026ರಿಂದ ವರ್ಷಕ್ಕೆ ನೂರಕ್ಕೆ ಮಿತಿಗೊಳಿಸಲು ನಿರ್ಧರಿಸಿತು. ಹೀಗಾಗಿ ಕೆಲವು ಹಡಗುಗಳು ಐಮಾಯ್ಡನ್ನಿನಲ್ಲೋ ರಾಟರ್‌ಡಾಮಿನಲ್ಲೋ ನಿಲ್ಲುತ್ತವೆ. ಯಾವ ಬಂದರೆಂದು ಬರವಣಿಗೆಯಲ್ಲಿ ಕೇಳಿಕೊಳ್ಳಿರಿ.

ಹಡಗು ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುವುದಾದರೆ ಒಂಬತ್ತು ಗಂಟೆಗಳು ನಮ್ಮವೆಂದು ತೋರುತ್ತದೆ. ಲೆಕ್ಕ ಹಾಕಿದರೆ ಹಾಗಲ್ಲ. ಇಳಿಯುವುದಕ್ಕೆ ಒಂದು ಗಂಟೆ. ಊರಿನ ಮುಖ್ಯ ನಿಲ್ದಾಣದಿಂದ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ರೈಲು, ಅಲ್ಲಿಂದ ತೋಟಕ್ಕೆ ಬಸ್ಸು. ಕಾಯುವ ಹೊತ್ತು ಸೇರಿ ಒಂದೂವರೆ ಗಂಟೆ. ಮರಳಲು ಅಷ್ಟೇ. ಹೊರಡುವುದಕ್ಕೆ ಸಾಕಷ್ಟು ಮುಂಚೆಯೇ ಹಡಗಿನ ಬಾಗಿಲು ಮುಚ್ಚುತ್ತಾರೆ. ಹೂವಿನ ಮುಂದೆ ಸಿಕ್ಕುವುದು ಮೂರು ಗಂಟೆ, ಹೆಚ್ಚೆಂದರೆ ಮೂರೂವರೆ. ಹಡಗಿನವರೇ ಏರ್ಪಡಿಸುವ ಬಸ್ಸಿಗೆ ಹಣ ಹೆಚ್ಚು. ಆದರೆ ಅದು ದಾರಿಯಲ್ಲಿ ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ನಮ್ಮ ವಯಸ್ಸಿನವರು ಇಲ್ಲಿ ಜಿಪುಣತನ ಮಾಡಬಾರದೆಂದು ನನ್ನ ಅಭಿಪ್ರಾಯ. ಒಂದು ರಾತ್ರಿ ಅಲ್ಲೇ ತಂಗುವ ಹಡಗು ದೊರೆತರೆ ಇನ್ನೂ ಮೇಲು. ಏಪ್ರಿಲಿನ ಒಂದು ಶನಿವಾರ ನೂರ್ಡ್‌ವೈಕಿನಿಂದ ಹಾರ್ಲೆಮಿಗೆ ಹೂವಿನ ರಥಗಳ ಮೆರವಣಿಗೆ ನಡೆಯುತ್ತದೆ. ನೋಡಲು ಸೊಗಸು, ಆದರೆ ಆ ದಿನ ರಸ್ತೆಗಳು ಕಟ್ಟಿಹೋಗುತ್ತವೆ. ವಾರದ ನಡುವಿನ ದಿನವೇ ಕ್ಷೇಮ. ತೋಟದ ಪ್ರವೇಶಕ್ಕೆ ವೇಳೆ ಗೊತ್ತುಮಾಡಿದ ಟಿಕೇಟನ್ನು ಮುಂಚೆಯೇ ಕೊಳ್ಳಬೇಕು. ಒಳಗಿನ ದಾರಿಗಳೆಲ್ಲ ಸೇರಿ ಸುಮಾರು 15 ಕಿಲೋಮೀಟರು. ಗಾಲಿಕುರ್ಚಿಗಳು ದೊರೆಯುತ್ತವೆ, ಸಂಕೋಚಪಡಬೇಕಾಗಿಲ್ಲ.

ವೀಸಾ ಎರಡು ಬೇಕು: ಇಂಗ್ಲೆಂಡಿಗೆ ಒಂದು, ಹಾಲೆಂಡಿನ ನೆಲಕ್ಕಿಳಿಯಲು ಷೆಂಗೆನ್ ವೀಸಾ ಒಂದು. ಎರಡನೆಯದಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲಾಗದು. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇರಲೇಬೇಕು.

ಲಿಂಗಪೂಜೆಯ ವಿಷಯವನ್ನು ಹಲವರು ಕೇಳಿದರು. ಹಡಗಿನ ಕೋಣೆಯಲ್ಲಿ ದೀಪ, ಕರ್ಪೂರ, ಊದುಬತ್ತಿ ಹಚ್ಚುವಂತಿಲ್ಲ. ಬೆಂಕಿಯ ಭಯ ಕಡಲಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಹಸಿ ಬಿಲ್ವಪತ್ರೆ, ಹೂಗಳನ್ನು ಸಸ್ಯಾರೋಗ್ಯ ಪತ್ರವಿಲ್ಲದೆ ಆ ದೇಶಗಳಿಗೆ ಒಯ್ಯುವುದು ಸಲ್ಲದು. ವಿಭೂತಿ, ನೀರು ಸಾಕು. ಮಠದಲ್ಲಿದ್ದಾಗ ಬರಗಾಲದ ಒಂದು ವರ್ಷ ಹೂವಿಲ್ಲದೆ ತಿಂಗಳುಗಟ್ಟಲೆ ಪೂಜೆ ನಡೆಸಿದ್ದೆವು. ಹೂ ನೋಡಲು ಹೋಗುವವರು ಹೂವಿಲ್ಲದೆ ಪೂಜೆ ಮಾಡಬೇಕಾಗಿ ಬಂದದ್ದಕ್ಕೆ ಮಗಳು ನಕ್ಕಳು.

ಇಷ್ಟೆಲ್ಲ ವಿಚಾರಿಸಿದ ಮೇಲೂ ನಾನು ದಿನಾಂಕ ಬರೆದುಕೊಟ್ಟಾಗ ಮೇ ಮೊದಲ ವಾರವನ್ನೇ ಬರೆದಿದ್ದೆ. ಪ್ರವಚನದ ತಿಂಗಳು ಬಿಡಬಾರದಲ್ಲ ಎಂಬ ಅಭ್ಯಾಸಬಲ. ಮಗಳು ದೂರವಾಣಿಯಲ್ಲಿ, 'ಅಪ್ಪಾಜಿ, ಶ್ರೀನಗರ' ಎಂದಷ್ಟೇ ಅಂದಳು. ಆ ದಿನ ನಾನು ಊಟವಾದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಇಷ್ಟು ವರ್ಷ ಪ್ರವಚನದ ದಿನಗಳಲ್ಲಿ ಆಕೆ ಬೆಳಗಿನ ನಾಲ್ಕಕ್ಕೆ ಎದ್ದು, ಬಂದವರಿಗೆ ಪ್ರಸಾದ ಮಾಡಿ, ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕುಳಿತು ಕೇಳಿದವಳು. ಅದನ್ನು ನಾನು ನನ್ನ ಸೇವೆಯೆಂದೇ ಲೆಕ್ಕ ಬರೆದುಕೊಂಡು ಬಂದಿದ್ದೆ.

ಮರುದಿನ ಬಳಗದ ಹಿರಿಯರಲ್ಲಿಗೆ ಹೋಗಿ, ಮುಂದಿನ ವರ್ಷದ ಪ್ರವಚನಕ್ಕೆ ಬೇರೊಬ್ಬರನ್ನು ನೋಡಿಕೊಳ್ಳಬೇಕೆಂದು ಕೇಳಿದೆ. ಅವರು ಸ್ವಲ್ಪವೂ ಕಷ್ಟಪಡದೆ ಒಪ್ಪಿಕೊಂಡರು. ಅಷ್ಟು ಸುಲಭವಾಗಿ ಒಪ್ಪಬಾರದಿತ್ತೆಂದು ನನಗೆ ಒಳಗೇ ಅನ್ನಿಸಿದ್ದೂ ನಿಜ. ಏಪ್ರಿಲ್ ಮೂರನೆಯ ವಾರದ, ಬುಧವಾರ ಆಮ್‌ಸ್ಟರ್‌ಡಾಮಿನಲ್ಲಿ ನಿಲ್ಲುವ ಹಡಗಿಗೆ ಮಗಳು ಮುಂಗಡ ಕಟ್ಟಿದ್ದಾಳೆ. ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪುತ್ಥಳಿಗೆ ಹಡಗು ಹತ್ತುವ ಮುನ್ನವೇ ಹೋಗಿ ಬರುವುದೆಂದು ಗೊತ್ತಾಗಿದೆ.

ಚಳಿಗಾಲ ದೀರ್ಘವಾಗಿ ಬಯಲಿನ ಹೂ ತಡವಾದರೆ ಏನು ಗತಿಯೆಂದು ನನಗೆ ಇನ್ನೂ ಅಳುಕಿದೆ. ತೋಟದೊಳಗೆ ವಿಲೆಮ್ ಅಲೆಕ್ಸಾಂಡರ್ ಮಂಟಪವೆಂಬ ದೊಡ್ಡ ಗಾಜಿನ ಮನೆಯಿದೆ, ಅಲ್ಲಿ ಟ್ಯುಲಿಪ್ ಇದ್ದೇ ಇರುತ್ತದೆಯಂತೆ ಎಂದು ಆಕೆಗೆ ಹೇಳಿದೆ. 'ಅದು ಇರಲಿ, ನಾನು ಬಯಲಲ್ಲೇ ನೋಡುತ್ತೇನೆ' ಎಂದಳು. ಮಂಡಿಗೆ ಪಟ್ಟಿ ಕಟ್ಟಿಕೊಂಡು ಪ್ರತಿದಿನ ಬೆಳಗ್ಗೆ ನಮ್ಮ ಉದ್ಯಾನವನದ ಸುತ್ತ ನಡೆಯಲು ಆರಂಭಿಸಿದ್ದಾಳೆ. ಮೊದಲ ವಾರ ಒಂದು ಸುತ್ತಿಗೇ ಕಲ್ಲುಬೆಂಚು ಬೇಕಾಗಿತ್ತು. ನಿನ್ನೆ ಮೂರು ಸುತ್ತು ಬಂದು, ನಾಲ್ಕನೆಯದಕ್ಕೆ ನನ್ನನ್ನು ಕರೆದಳು.