ಕೂಗು ಎರಡು ಭಾಷೆಯಲ್ಲಿರಲಿ

ನೀರು ಬಿಡುವವರಿಗೆ ತರಬೇತಿ ಇಡಬೇಕೆಂದರೆ ಮೊದಲು ನೀರಿನ ಪಾಳಿಯ ಪಟ್ಟಿ ಮುಂದಿಟ್ಟುಕೊಂಡು ಕೂಡಬೇಕು. ನಸುಕಿನಲ್ಲಿ ಒಂದು ಓಣಿ, ಬಿಸಿಲೇರುವ ಹೊತ್ತಿಗೆ ಇನ್ನೊಂದು. ವಾಲ್ವ್‌ಮನ್‌ಗಳನ್ನೆಲ್ಲ ಒಂದೇ ದಿನ ಸಭಾಭವನಕ್ಕೆ ಕರೆದರೆ ಊರಿನ ಕೊಡಗಳೆಲ್ಲ ಕಚೇರಿ ಬಾಗಿಲಿಗೆ ಬಂದಾವು. ಅದಕ್ಕೇ ನಮ್ಮವು ಸಣ್ಣ ಸಣ್ಣ ತಂಡ, ತರಗತಿ ಹನ್ನೊಂದರ ಮೇಲೆ.

ಬೆಳಗಾವಿಗೆ ನೀರು ಬರುವುದು ಮಾರ್ಕಂಡೇಯದ ರಾಕಸಕೊಪ್ಪ, ಘಟಪ್ರಭೆಯ ಹಿಡಕಲ್ ಜಲಾಶಯಗಳಿಂದ. 2008ರಲ್ಲಿ ಇಲ್ಲಿ, ಹುಬ್ಬಳ್ಳಿ-ಧಾರವಾಡದಲ್ಲಿ, ಕಲಬುರಗಿಯಲ್ಲಿ ಆಯ್ದ ಕೆಲವು ವಲಯಗಳಿಗೆ ದಿನವಿಡೀ ನೀರು ಕೊಡಲು ಶುರುವಾಯಿತು. ನಳದಲ್ಲಿ ಸದಾ ನೀರಿದ್ದರೆ ಚಾವಿ ತಿರುವುವವನ ಕೆಲಸವೇ ಬೇರೆಯಾಗುತ್ತದೆ: ಸೋರಿಕೆ ಹುಡುಕಬೇಕು, ಒತ್ತಡ ನೋಡಬೇಕು, ಮೀಟರ್ ಓದಬೇಕು. ಪಾಳಿಯ ನೀರು ನಿಂತಾಗ ಬರಿದಾದ ಪೈಪು ಬಿರುಕಿನಿಂದ ಗಟಾರದ ನೀರು ಎಳೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಇವರಿಗೆ ಯಾರೂ ಕಲಿಸಬೇಕಿಲ್ಲ. ಯಾವ ಓಣಿಯಲ್ಲಿ ಎನ್ನುವುದನ್ನೂ ಅವರೇ ಹೇಳುತ್ತಾರೆ.

ಮೇಲಿನಿಂದ ಬಂದ ಕೈಪಿಡಿಯ ಕನ್ನಡವೋ, ಮನೆಯಲ್ಲಿ ಮರಾಠಿ ಆಡುವವರಿಗಿರಲಿ, ಗೋಕಾಕದ ಕಡೆಯ ಅಚ್ಚಕನ್ನಡಿಗರಿಗೂ ದೂರವೇ. ಅದನ್ನು ಬದಿಗಿಟ್ಟು ಕ್ಲೋರೋಸ್ಕೋಪ್ ಕೈಗೆ ಕೊಟ್ಟೆವು. ನಳದ ನೀರಿಗೆ ಕೆಲವು ಹನಿ ದ್ರಾವಣ ಬಿಟ್ಟು, ಮೂಡಿದ ಹಳದಿಯನ್ನು ಪಟ್ಟಿಯ ಬಣ್ಣಕ್ಕೆ ಹೊಂದಿಸಿ ನೋಡುವುದು. ಕೊನೆಯ ಮನೆಯ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮಧ್ಯಾಹ್ನದ ಊಟದೊಳಗೆ ಕಲಿತರು.

ಭಾಷೆ ನಿಜವಾಗಿ ತೊಡಕಾಗುವುದು ಕ್ಲೋರಿನ್ ಸಿಲಿಂಡರಿನ ಕೋಣೆಯಲ್ಲಿ. ಆ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಸೋರಿದರೆ ನೆಲ ಹಿಡಿದು ತಗ್ಗಿನತ್ತ ಹರಿಯುತ್ತದೆ. ಓಡುವವರು ಗಾಳಿ ಬೀಸಿ ಬರುವ ದಿಕ್ಕಿಗೆ, ಏರಿನ ಕಡೆಗೆ ಓಡಬೇಕು. ಮಾಕ್ ಡ್ರಿಲ್‌ನಲ್ಲಿ ಹಿರಿಯ ಪಂಪ್ ಆಪರೇಟರ್ ಒಬ್ಬರು "ಖಾಲೀ ಉತರೂ ನಕಾ!" ಎಂದು ಕೂಗಿದರು. ಬೈಲಹೊಂಗಲದ ಕಡೆಯಿಂದ ಬಂದ ಹುಡುಗ ನಿಂತಲ್ಲೇ ನಿಂತ.

"ಏನಂದ್ರಿ ಕಾಕಾ?"

"ತಗ್ಗಿಗೆ ಇಳೀಬ್ಯಾಡೋ ತಮ್ಮಾ, ಅಂದೆ!"

ನಿಜದ ಸೋರಿಕೆಯಲ್ಲಿ ಈ ಸವಾಲು-ಜವಾಬಿಗೆ ಪುರುಸೊತ್ತೆಲ್ಲಿ? ಗಾಬರಿಯಾದಾಗ ಬಾಯಿಗೆ ಬರುವುದು ಮನೆಮಾತೇ. ಅದನ್ನು ತಿದ್ದುವ ಬದಲು ಕೇಳುವವರ ಕಿವಿಯನ್ನು ಪಳಗಿಸಿದೆವು. ಪ್ರತಿಯೊಬ್ಬರೂ ಅಪಾಯದ ಕೂಗುಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಕೂಗಬೇಕು, ಕೇಳಿದೊಡನೆ ಕಾಲು ಕೀಳಬೇಕು. ಕನ್ನಡ ಕಟ್ಟಾಳು ಗೆಳೆಯರೊಬ್ಬರು ಇದಕ್ಕೆ ಮುನಿದರು. ಕಚೇರಿಯ ಕಡತ ಕನ್ನಡದಲ್ಲೇ ಇರಬೇಕೆಂಬುದರಲ್ಲಿ ನನ್ನದೂ ಎರಡು ಮಾತಿಲ್ಲ. ಆದರೆ ವಿಷಾನಿಲದ ಮುಂದೆ ನಿಂತು ಆಡಳಿತ ಭಾಷೆಯ ವಾದ ಹೂಡಲಾರೆ.

ಇನ್ನೊಂದು ತಕರಾರು ಹಾಗೇ ಇದೆ. ತರಬೇತಿಯ ಪಟ್ಟಿಯಲ್ಲಿರುವವರು ಕಾಯಂ ನೌಕರರು. ರಾತ್ರಿ ಪಾಳಿಯಲ್ಲಿ ಸಿಲಿಂಡರಿನ ಪಕ್ಕ ಕೂಡುವವರು ಗುತ್ತಿಗೆಯವರು. ಅವರ ಭತ್ಯೆ ಯಾರು ಕೊಡಬೇಕೆಂದು ಕಡತ ಮೇಜಿನಿಂದ ಮೇಜಿಗೆ ತಿರುಗುತ್ತಿದೆ. ಮುಂದಿನ ತಂಡದಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಅವರನ್ನು ಕೂಡಿಸಿಕೊಳ್ಳುತ್ತೇವೆ. ಊಟದ ಖರ್ಚಿಗೆ ಪಂಪ್ ಆಪರೇಟರುಗಳೇ ವರ್ಗಣಿ ಎತ್ತುತ್ತಿದ್ದಾರೆ.