ಬೀಗದೊಳಗಿನ ಸೂಕ್ಷ್ಮದರ್ಶಕ

ನಮ್ಮ ಹೈಸ್ಕೂಲಿನಲ್ಲಿದ್ದದ್ದು ಒಂದೇ ಸೂಕ್ಷ್ಮದರ್ಶಕ. ಅದೂ ಗಾಜಿನ ಬೀರುವಿನಲ್ಲಿ, ಬೀಗದೊಳಗೆ. ಜೀವಕೋಶದ ಚಿತ್ರ ಬರೆದು ಅಂಕ ಗಳಿಸಿದೆ. ಕೋಶವನ್ನು ಮಾತ್ರ ಕಾಣಲಿಲ್ಲ. ಆಮೇಲೆ ಬಿ.ಕಾಂ., ಬ್ಯಾಂಕು, ಲೆಡ್ಜರು.

ಮೊನ್ನೆ ಒಂಬತ್ತನೇ ತರಗತಿಯ ಮೊಮ್ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಅವಳು ಈರುಳ್ಳಿಯ ತೆಳು ಪೊರೆ ಬಿಡಿಸಿ, ನೀರಿನ ಹನಿಯಲ್ಲಿ ಹರಡಿ, ಅಯೋಡಿನ್ ಒಂದು ತೊಟ್ಟು ಬಿಟ್ಟು, ಗಾಳಿಗುಳ್ಳೆ ಸೇರದಂತೆ ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸಿದಳು. "ತಾತ, ಈಗ ನೋಡು."

ಇಟ್ಟಿಗೆ ಗೋಡೆಯಂತೆ ಕೋಶಗಳು. ಒಂದೊಂದರಲ್ಲೂ ಕಂದು ಚುಕ್ಕಿ, ಕೋಶಕೇಂದ್ರ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ಚೂರಿನಲ್ಲಿ ಕಂಡದ್ದು ಬರೀ ಖಾಲಿ ಗೂಡುಗಳನ್ನು. ನನಗೆ ಅದಕ್ಕಿಂತ ಹೆಚ್ಚೇ ಸಿಕ್ಕಿತು, 73ನೇ ವಯಸ್ಸಿನಲ್ಲಿ. ಕಣ್ಣು ತೇವವಾಯಿತು. "ಮಸುಕು ಕಾಣ್ತಿದೆ" ಎಂದೆ. ಅವಳು ಫೋಕಸ್ ತಿರುಪು ತಿರುಗಿಸಿದಳು.

ಗುರುಗಳೇ, ಸ್ಲೈಡು ಒಡೆದರೆ ಒಡೆಯಲಿ. ಬೀರುವಿನ ಬೀಗ ತೆಗೆಯಿರಿ.